ಮೈಸೂರು ರಾಜ್ಯದ ಕಾರು, ಜನಕಪುರಿಯ ಬಣ್ಣ

ರಾಜೀವ್ ಚೌಕದಲ್ಲಿ ನೀಲಿ ಮಾರ್ಗದ ಮೆಟ್ರೊ ಹತ್ತುವಾಗ ನಾವಿರುವುದು ನೆಲದಡಿಯಲ್ಲಿ. ಝಂಡೇವಾಲಾನ್ ಬರುವಷ್ಟರಲ್ಲಿ ರೈಲು ಮೇಲಕ್ಕೆದ್ದಿರುತ್ತದೆ. ಅಲ್ಲಿಂದಾಚೆಗೆ ಪಶ್ಚಿಮ ದೆಹಲಿಯ ತಾರಸಿಗಳದ್ದೇ ಮೆರವಣಿಗೆ: ಕರಿ ನೀರಿನ ಟ್ಯಾಂಕು, ಬಿಸಿಲಿಗೆ ಹರಡಿದ ರಜಾಯಿ, ತಂತಿಗೆ ಸಿಕ್ಕಿಕೊಂಡ ಗಾಳಿಪಟ. ಕರೋಲ್ ಬಾಗ್, ಪಟೇಲ್ ನಗರ, ರಾಜೌರಿ ಗಾರ್ಡನ್, ತಿಲಕ್ ನಗರ. ಫೆಬ್ರವರಿಯ ಕೊನೆಯ ವಾರ. ಎಲೆ ಕಳಚಿಕೊಂಡ ಬೂರುಗದ ಮರಗಳು ಮೈತುಂಬ ಕೆಂಪು ಹೂ ಹೊತ್ತು ನಿಂತಿದ್ದವು.

ಹಿಂದಿನ ಎರಡು ರಾತ್ರಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಕಳೆದಿದ್ದೆ. ಕೃಷ್ಣೆ, ಭೀಮೆ, ತಾಪಿ, ನರ್ಮದೆ, ಚಂಬಲ್ ಎಲ್ಲವನ್ನೂ ದಾಟಿ ಬಂದ ನನ್ನ ಚೀಲದಲ್ಲಿ ಎರಡು ಪೊಟ್ಟಣಗಳಿದ್ದವು. ಒಂದು, ಚಿಕ್ಕಮ್ಮನಿಗೆ ಗಾಂಧಿಬಜಾರಿನ ಕಾಫಿಪುಡಿ. ಇನ್ನೊಂದು, ಚಿಕ್ಕಪ್ಪನಿಗೆ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಹುಡುಕಿಸಿ ತಂದ ರಬ್ಬರ್ ಬಳೆಗಳು, ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟು. ಎರಡರ ವಾಸನೆಯೂ ಬೆರೆತು ನನ್ನ ಬಟ್ಟೆಗೆಲ್ಲ ಹತ್ತಿತ್ತು.

ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದು ಇಷ್ಟೇ: "ಬಾನೆಟ್ ಒಳಗೆ ಬಣ್ಣ ಹೊಡೆಸ್ತಾ ಇದೀನಿ ಕಣೋ. ನೀನು ಬಂದು ನೋಡಬೇಕು." ಹೊರಮೈಗಲ್ಲ, ಒಳಕ್ಕೆ. ಮುಚ್ಚಳ ಹಾಕಿದರೆ ಯಾರ ಕಣ್ಣಿಗೂ ಬೀಳದ ಜಾಗಕ್ಕೆ. ಆ ಜಾಗ ನೋಡಲೆಂದೇ ನಾನು ಎರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಪಯಣಿಸಿದ್ದೆ. ಅಲ್ಲಿ ಕಂಡದ್ದನ್ನು ನೆನೆದರೆ ಈಗಲೂ ಮೈ ನವಿರೇಳುತ್ತದೆ.

ಜನಕಪುರಿ ವೆಸ್ಟ್ ನಿಲ್ದಾಣವೇ ಒಂದು ಸೋಜಿಗ. ನೀಲಿ ಮಾರ್ಗ ಆಕಾಶದಲ್ಲಿ, ಮೆಜೆಂಟಾ ಮಾರ್ಗ ಪಾತಾಳದಲ್ಲಿ. ಎರಡನ್ನೂ ಬೆಸೆಯುವ ಎಸ್ಕಲೇಟರುಗಳಲ್ಲಿ ಒಂದರ ಎತ್ತರ 15 ಮೀಟರಿಗೂ ಹೆಚ್ಚು. ಅದರ ನೆತ್ತಿಯಲ್ಲಿ ನಿಂತು ಕೆಳಗೆ ನೋಡಿದರೆ ಭೂಮಿ ಬಾಯ್ತೆರೆದಂತೆ ಕಾಣುತ್ತದೆ. ಊರಿನ ಹೆಸರು ಜನಕಪುರಿಯಾದ್ದರಿಂದ ಮನಸ್ಸು ತಾನಾಗಿ ಸೀತೆಯ ಕಡೆ ಹೋಯಿತು. ನೇಗಿಲ ಗೆರೆಯಲ್ಲಿ ಮಗು ಸಿಕ್ಕಿದ ದೊರೆಯ ಹೆಸರಿನ ಊರು ಇದು. ನೆಲ ಕೆರೆದರೆ ಏನೋ ಸಿಗುತ್ತದೆ ಎನ್ನುವ ಆ ಕಥೆ ನಾಲ್ಕು ದಿನದಲ್ಲೇ ನನ್ನೆದುರು ಇನ್ನೊಂದು ರೂಪದಲ್ಲಿ ನಡೆಯಲಿದೆ ಎಂಬುದು ಆಗ ಗೊತ್ತಿರಲಿಲ್ಲ.

ದೆಹಲಿ ಅಭಿವೃದ್ಧಿ ಪ್ರಾಧಿಕಾರ 1970ರ ದಶಕದಲ್ಲಿ ಕಟ್ಟತೊಡಗಿದ ಬಡಾವಣೆ ಇದು. ಉತ್ತರಕ್ಕೆ ನಜಫ್‌ಗಢ ರಸ್ತೆ, ದಕ್ಷಿಣಕ್ಕೆ ಪಂಖಾ ರೋಡ್, ನಡುವೆ ಎ, ಬಿ, ಸಿ, ಡಿ ಎಂದು ಬ್ಲಾಕುಗಳು, ಬ್ಲಾಕಿನ ಹೊಟ್ಟೆಯಲ್ಲಿ ಪಾರ್ಕು, ಪಾರ್ಕಿನ ಸುತ್ತ ಮನೆ. ಚಿಕ್ಕಪ್ಪನ ಮನೆಯೂ ಅಂಥದೊಂದು ಪಾರ್ಕಿಗೆ ಎದುರು. ಗೇಟಿನ ಒಳಗೆ, ಹೊಂಗೆಯ ನೆರಳಲ್ಲಿ, ಟಾರ್ಪಾಲು ಸರಿಸಿಕೊಂಡು ಕಾರು ನಿಂತಿತ್ತು.

1973ರ ಪ್ರೀಮಿಯರ್ ಪ್ರೆಸಿಡೆಂಟ್. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಆರಂಭಿಸಿದ ಪ್ರೀಮಿಯರ್ ಕಂಪನಿಯ ಮುಂಬಯಿ ಕುರ್ಲಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1964ರಿಂದ ಫಿಯಟ್ 1100 ಡಿ ಹೆಸರಲ್ಲಿ ಬರುತ್ತಿದ್ದ ಕಾರೇ 1972ರಲ್ಲಿ ಪ್ರೆಸಿಡೆಂಟ್ ಆಯಿತು, 1974ರಲ್ಲಿ ಪದ್ಮಿನಿ ಆಯಿತು. ಜನರ ಬಾಯಲ್ಲಿ ಮಾತ್ರ ಕೊನೆಯವರೆಗೂ ಫಿಯಟ್ಟೇ. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಕಂಬಕ್ಕೇ ಅಂಟಿಕೊಂಡ ಗೇರ್ ಕೋಲು.

ಬಸವನಗುಡಿಯ ನಮ್ಮ ಅಜ್ಜ ಇದನ್ನು ಮನೆಗೆ ತಂದದ್ದು ಆ ವರ್ಷದ ಬೇಸಿಗೆಯಲ್ಲಿ. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು ನವೆಂಬರ್ 1ರಂದು. ಹಾಗಾಗಿ ಅದರ ಮೊದಲ ನಂಬರು 'ಎಂ ವೈ' ಎಂದು ಶುರುವಾಗುತ್ತಿತ್ತು. ಕರ್ನಾಟಕ ಎಂಬ ಹೆಸರಿಗಿಂತ ಕೆಲವು ತಿಂಗಳು ಹಿರಿಯ ಕಾರು. 1986ರಲ್ಲಿ ಕೇಂದ್ರ ಸರ್ಕಾರಿ ನೌಕರಿಯ ಚಿಕ್ಕಪ್ಪನ ಹಿಂದೆ ದೆಹಲಿಗೆ ಬಂತು, ಇಲ್ಲಿಯ ನಂಬರು ತೊಟ್ಟಿತು, ಮೈಸೂರಿನ ನಂಬರು ಮನೆಯವರ ನೆನಪಿಗಷ್ಟೇ ಉಳಿಯಿತು.

15 ವರ್ಷ ಮೀರಿದ ಪೆಟ್ರೋಲ್ ವಾಹನ ದೆಹಲಿಯ ರಸ್ತೆಯಲ್ಲಿ ಓಡಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು 2018ರ ಅಕ್ಟೋಬರಿನಲ್ಲಿ. ಅಂದಿನಿಂದ ಫಿಯಟ್ ಗೇಟು ದಾಟಿಲ್ಲ. ಈ ಊರಿನ ಗಾಳಿಯನ್ನು ನವೆಂಬರಿನಲ್ಲಿ ಉಸಿರಾಡಿದ ಯಾರೂ ಆ ತೀರ್ಪನ್ನು ಹಳಿಯಲಾರರು, ಚಿಕ್ಕಪ್ಪನೂ ಹಳಿಯಲಿಲ್ಲ. ಕಾಯುತ್ತ ಕೂತರು. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಹೊಸ ನಿಯಮ ತಂದಿತು: ಮೊದಲ ನೋಂದಣಿಯಿಂದ 50 ವರ್ಷ ತುಂಬಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮೂಲರೂಪ ಕೆಡದ ವಾಹನ 'ವಿಂಟೇಜ್' ಎನಿಸಿಕೊಳ್ಳಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲಿಗೆ ಮಾತ್ರ ಹೊರಗೆ ಬರಬಹುದು. ನಲವತ್ತೊಂಬತ್ತರಲ್ಲಿ ಗುಜರಿ, ಐವತ್ತು ದಾಟಿದರೆ ಪರಂಪರೆ! ಆ ಒಂದು ವರ್ಷವನ್ನು ದಾಟಿಸಲು ಚಿಕ್ಕಪ್ಪ ಟಾರ್ಪಾಲಿನಡಿ ಕಾರನ್ನು ಮಗುವಿನಂತೆ ಕಾಪಾಡಿದ್ದರು. ಸ್ಟೇಟ್ಸ್‌ಮನ್ ಪತ್ರಿಕೆಯವರು 1964ರಿಂದ ನಡೆಸುವ ಹಳೆ ಕಾರುಗಳ ರ‍್ಯಾಲಿಯನ್ನು ವರ್ಷ ವರ್ಷ ಪ್ರೇಕ್ಷಕರಾಗಿ ನೋಡಿ ಬಂದವರು ಅವರು. ಒಮ್ಮೆಯಾದರೂ ಹಗ್ಗದ ಆ ಬದಿಗೆ ನಿಲ್ಲುವ ಆಸೆ.

"ಮೂಲರೂಪ ಅಂದ್ರೆ ಹೊಳಪಲ್ಲ," ಅಂದರು ಬಾನೆಟ್ ಎತ್ತುತ್ತ. "ಕುರ್ಲಾದಿಂದ ಹೊರಟ ದಿನ ಹೇಗಿತ್ತೋ ಹಾಗೆ."

ಮೊದಲು ಎದುರಾದದ್ದು ವಾಸನೆ. ಹಳೆ ಎಣ್ಣೆ, ಆರಿದ ಪೆಟ್ರೋಲು, ಬ್ಯಾಟರಿಯ ಹುಳಿ, ಐವತ್ತು ಬೇಸಿಗೆಯ ಧೂಳು. ಅಜ್ಜನ ಮನೆಯ ಷೆಡ್ಡಿನ ವಾಸನೆಯೇ ಅದು, ಇಷ್ಟು ದೂರ ಬಂದು ಕಾದು ಕುಳಿತಿತ್ತು. ಆಮೇಲೆ ಕಣ್ಣು ಒಗ್ಗಿತು. ನಡುವೆ ಬೆಟ್ಟದಂತೆ ಎಂಜಿನ್: ಕೆಳಗಿನ ಬ್ಲಾಕು ಬೀಡು ಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಮುಂದೆ ಕೋಟೆಗೋಡೆಯಂತೆ ರೇಡಿಯೇಟರ್. ಹಿಂದೆ, ಬೆಂಕಿಗೂ ಡ್ರೈವರನ ಕಾಲಿಗೂ ನಡುವೆ ನಿಂತ ತಗಡಿನ ಗೋಡೆ. ಬಟ್ಟಲು ಕವುಚಿದಂಥ ಏರ್ ಕ್ಲೀನರ್. ವೈರುಗಳು ಒಣಗಿದ ಬಳ್ಳಿಯ ಹಾಗೆ ಎಲ್ಲೆಲ್ಲೋ ಹಬ್ಬಿದ್ದವು. ಎಲ್ಲದರ ಮೇಲೂ ಕಡುಗಪ್ಪು ಬಣ್ಣ, ಯಾರೋ ಯಾವಾಗಲೋ ಒಂದೇ ಸಮನೆ ಎರಚಿದ್ದು. ಬೆಟ್ಟಕ್ಕೂ ಬಯಲಿಗೂ ಬಳ್ಳಿಗೂ ಒಂದೇ ಬಣ್ಣ ಬಳಿದ ನಾಡನ್ನು ಊಹಿಸಿಕೊಳ್ಳಿ. ಅಂಥ ನಾಡು ಅದು.

ಬಿಚ್ಚುವ ಕೆಲಸಕ್ಕೆ ಮೂರು ದಿನ ಹಿಡಿಯಿತು. ಚಿಕ್ಕಮ್ಮ ತಮ್ಮ ಹಳೆಯ ಇಡ್ಲಿ ತಟ್ಟೆಗಳನ್ನೆಲ್ಲ ಬಿಟ್ಟುಕೊಟ್ಟರು. ಒಂದೊಂದು ಕುಳಿಯಲ್ಲಿ ಒಂದೊಂದು ಭಾಗದ ಬೋಲ್ಟು, ನಟ್ಟು, ವಾಷರು. ಕುಳಿಯ ಪಕ್ಕ ಚೀಟಿ. ದೆಹಲಿಯಲ್ಲಿ ಸೀಮೆಎಣ್ಣೆ ಸಿಗುವುದಿಲ್ಲ, 2014ರಲ್ಲೇ ಅದು ಸೀಮೆಎಣ್ಣೆ ಮುಕ್ತ ನಗರವಾಯಿತು. ಆದ್ದರಿಂದ ಜಿಡ್ಡು ತೊಳೆಯಲು ಡೀಸೆಲ್, ಹಳೆಯ ಹಲ್ಲುಜ್ಜುವ ಬ್ರಷ್ಷು. ಬ್ಯಾಟರಿ ಕೂರುವ ತಟ್ಟೆಯನ್ನು ಆಸಿಡ್ ಜರಡಿಯಂತೆ ತಿಂದಿತ್ತು. ಅದರ ಮೇಲೆ ಚಿಕ್ಕಮ್ಮ ಅಡುಗೆ ಸೋಡಾ ಕಲಸಿದ ನೀರು ಸುರಿದರು. ಬುಸ್ಸೆಂದು ನೊರೆ ಉಕ್ಕಿತು, ಉಕ್ಕಿ ಉಕ್ಕಿ ತಣ್ಣಗಾಯಿತು. ನೊರೆ ನಿಂತರೆ ಆಸಿಡ್ ಸತ್ತಿತು ಎಂದು ಅರ್ಥ. ಅದಕ್ಕೆ ಮೊದಲೇ ಬಣ್ಣ ಹಚ್ಚಿದರೆ ಕೆಳಗಿನಿಂದ ಮತ್ತೆ ಕೊರೆಯಲು ಶುರುಮಾಡುತ್ತದಂತೆ.

ನಾಲ್ಕನೆಯ ದಿನ ನಾವು ಜನಕಪುರಿಯಿಂದ ಮಾಯಾಪುರಿಗೆ ಹೊರಟೆವು. ಹೆಸರುಗಳನ್ನು ನಾನು ಕಟ್ಟಿ ಹೇಳುತ್ತಿಲ್ಲ, ನಕ್ಷೆಯಲ್ಲಿಯೇ ಹಾಗಿದೆ. ರಾಜೌರಿ ಗಾರ್ಡನ್‌ನಲ್ಲಿ ಇಳಿದು ಗುಲಾಬಿ ಮಾರ್ಗ ಹತ್ತಿದರೆ ಮುಂದಿನ ನಿಲ್ದಾಣವೇ ಮಾಯಾಪುರಿ. ಭಾಗಗಳ ಗೋಣಿಚೀಲವಿದ್ದ ಕಾರಣ ನಾವು ಹೋದದ್ದು ಟೆಂಪೋದಲ್ಲಿ.

ಮೋತಿಯಾ ಖಾನ್‌ನಿಂದ ಎಬ್ಬಿಸಿದ ಗುಜರಿ ವ್ಯಾಪಾರ ಬಂದು ನೆಲೆಸಿದ ಜಾಗ ಮಾಯಾಪುರಿ. ಜನಕಪುರಿಯ ಹಸಿರು ಮುಗಿದು ಕಾಲಡಿಯ ಮಣ್ಣು ಎಣ್ಣೆ ಕುಡಿದು ಕಪ್ಪಾಯಿತೆಂದರೆ ಅಲ್ಲಿಗೆ ಬಂದೆವೆಂದು ಲೆಕ್ಕ. ಗೇರ್‌ಗಳ ಗುಡ್ಡ, ಆಕ್ಸಲ್‌ಗಳ ಸೌದೆ ರಾಶಿ, ಬಾಗಿಲುಗಳನ್ನು ಪುಸ್ತಕದಂತೆ ಜೋಡಿಸಿಟ್ಟ ಕಪಾಟು. ಒಬ್ಬ ಮುದುಕ ಕಣ್ಣು ಬೇರೆಲ್ಲೋ ಇಟ್ಟು, ಬೆರಳಿನಿಂದ ಹಲ್ಲು ಸವರಿ, ಇದು ಅಂಬಾಸಡರಿನ ಎರಡನೇ ಗೇರು ಎಂದು ಪಕ್ಕಕ್ಕೆ ಎಸೆಯುತ್ತಿದ್ದ. ಎಲ್ಲ ಲೋಹವೂ ಕೊನೆಗೆ ಬಂದು ಸೇರುವ ಸಮುದ್ರ ಇದು. ಬರಬಾರದ್ದೂ ಬಂದಿದೆ. 2010ರಲ್ಲಿ ವಿಶ್ವವಿದ್ಯಾಲಯವೊಂದು ಹರಾಜಿಗೆ ಹಾಕಿದ ಹಳೆಯ ಯಂತ್ರದೊಳಗಿನ ಕೋಬಾಲ್ಟ್-60 ಇಲ್ಲಿಯೇ ಬಿಚ್ಚಿಕೊಂಡು, ಅದೇನೆಂದು ತಿಳಿಯದೆ ಮುಟ್ಟಿದವರನ್ನು ಸುಟ್ಟಿತು, ಒಬ್ಬ ಕೆಲಸಗಾರನ ಜೀವ ತೆಗೆಯಿತು. ಬಿಚ್ಚಿ ನೋಡುವ ಕೈಗಳ ಮೇಲೆ ಎಂಥ ಭಾರವಿದೆ ಎಂದು ಆ ಗಲ್ಲಿಯಲ್ಲಿ ನಡೆಯುವಾಗ ಅನ್ನಿಸದೆ ಇರದು.

ಅದೇ ಗಲ್ಲಿಯ ತುದಿಯಲ್ಲಿ ಉಸ್ತಾದರ ಷೆಡ್ಡು. ಅರವತ್ತು ದಾಟಿದ, ತೆಳ್ಳಗಿನ, ಮೆಲುಮಾತಿನ ಮನುಷ್ಯ. ಬಾಗಿಲ ಮೇಲೆ ಹಳೆಯ ಬೋರ್ಡು: ಡೆಂಟಿಂಗ್, ಪೇಂಟಿಂಗ್, ಡ್ಯೂಕೊ. ನಮ್ಮಲ್ಲಿ ಟಿಂಕರಿಂಗ್ ಎನ್ನುವುದು ಇಲ್ಲಿ ಡೆಂಟಿಂಗ್, ನಾವು ಉಪ್ಪುಕಾಗದ ಎನ್ನುವುದು ಇಲ್ಲಿ ರೇಗ್‌ಮಾಲ್. ಪ್ರೈಮರ್‌ಗೆ ಅಸ್ತರ್ ಎನ್ನುತ್ತಾರೆ, ಕೋಟಿನ ಒಳಗೆ ಹೊಲಿಯುವ ಬಟ್ಟೆಗೂ ಅದೇ ಮಾತು. ಡ್ಯೂಕೊ ಮಾತ್ರ ಕಲಾಸಿಪಾಳ್ಯದಲ್ಲೂ ಡ್ಯೂಕೊ, ಮಾಯಾಪುರಿಯಲ್ಲೂ ಡ್ಯೂಕೊ. ಅದು ಅಮೆರಿಕದ ಡ್ಯುಪಾಂಟ್ ಕಂಪನಿ 1920ರ ದಶಕದಲ್ಲಿ ತಂದ ನೈಟ್ರೊಸೆಲ್ಯುಲೋಸ್ ಬಣ್ಣದ ಹೆಸರು. ಅದಕ್ಕೆ ಮುಂಚೆ ಕಾರಿಗೆ ಬಣ್ಣದ ವಾರ್ನಿಷ್ಷನ್ನು ಬ್ರಷ್ಷಿನಲ್ಲಿ ಬಳಿದು ವಾರಗಟ್ಟಲೆ ಒಣಗಿಸಬೇಕಿತ್ತು. ಫೋರ್ಡ್ ಮಾಡೆಲ್ ಟಿ 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಷ್ಟೇ ಬಂತು. ಡ್ಯೂಕೊ ಗಂಟೆಗಳಲ್ಲಿ ಒಣಗಿತು, ರಸ್ತೆಗೆ ಬಣ್ಣ ಬಂತು. ಸಾಗರದಾಚೆಯ ಆ ಡಬ್ಬಿಯ ಹೆಸರು ಇಲ್ಲಿನ ಗಲ್ಲಿಯ ಬೋರ್ಡಿನಲ್ಲಿ ಕಸುಬಿನ ಹೆಸರಾಗಿ ಕೂತಿದೆ.

ಉಸ್ತಾದರು ಮೊದಲು ಏರ್ ಕ್ಲೀನರನ್ನು ತೊಡೆಯ ಮೇಲಿಟ್ಟುಕೊಂಡರು. ನಯವಾದ ರೇಗ್‌ಮಾಲನ್ನು ನೀರಲ್ಲಿ ಅದ್ದಿ, ಒಂದು ರೂಪಾಯಿ ನಾಣ್ಯದಗಲ ಜಾಗವನ್ನು ಮೆಲ್ಲಗೆ, ಸುತ್ತು ಸುತ್ತಾಗಿ ಉಜ್ಜತೊಡಗಿದರು. ಕಪ್ಪು ಸವೆಯಿತು. ಅದರಡಿ ಬೆಳ್ಳಿಬಣ್ಣದ ಉಂಗುರ. ಅದರೊಳಗೆ ಇನ್ನೊಂದು ಕಪ್ಪು. ಆಮೇಲೆ ರೆಡ್ ಆಕ್ಸೈಡಿನ ಇಟ್ಟಿಗೆ ಕೆಂಪು. ನಟ್ಟನಡುವೆ, ಕಡಲೆಕಾಳಿನಷ್ಟು ಜಾಗದಲ್ಲಿ, ತಿಳಿಬೂದಿ ಬಣ್ಣ ಇಣುಕಿತು. ಮರದ ಕಾಂಡ ಕೊಯ್ದಾಗ ವರ್ಷಗಳ ಬಳೆ ಕಾಣುವ ಹಾಗೆ ಐದು ಬಳೆಗಳು. ಬೆರಳಿನಿಂದ ಒಂದೊಂದನ್ನೇ ತೋರಿಸುತ್ತ ಹೇಳಿದರು: "ಇದು ಮಾರುವುದಕ್ಕೆ ಹೊಡೆದ ಬಣ್ಣ. ಇದು ಅವಸರದ್ದು. ಈ ಕೆಂಪು ಅಸ್ತರ್ ಒಳ್ಳೆಯ ಕೈಯದ್ದು. ಈ ಬೂದಿ ಬಣ್ಣ ಕಂಪನಿಯದ್ದು." ಚಿಕ್ಕಪ್ಪ ಕನ್ನಡಕ ತೆಗೆದು ಹಾಕಿ ಮತ್ತೆ ತೆಗೆದರು. ಮಾರುವ ಯೋಚನೆ ಯಾವಾಗ ಬಂದಿತ್ತು ಎಂದು ನಾನು ಕೇಳಲಿಲ್ಲ.

ಆ ಕಡಲೆಕಾಳಿನಷ್ಟು ಬಣ್ಣವನ್ನು ಮತ್ತೆ ಹುಟ್ಟಿಸಬೇಕಿತ್ತು. ಈಗ ಅಂಗಡಿಗಳಲ್ಲಿ ಬಣ್ಣ ಓದುವ ಯಂತ್ರವಿದೆ. ಅದಕ್ಕೂ ತೋರಿಸಿದೆವು, ಅದು ಹೇಳಿದ ಲೆಕ್ಕದಲ್ಲಿ ಕಲಸಿಯೂ ಕೊಟ್ಟರು. ಉಸ್ತಾದರು ಒಂದು ತಗಡಿನ ಚೂರಿಗೆ ಹಚ್ಚಿ, ಒಣಗುವವರೆಗೆ ಕಾದು, ಬಿಸಿಲಿಗೆ ಹಿಡಿದರು, ನೆರಳಿಗೆ ಹಿಡಿದರು, ತಲೆ ಅಲ್ಲಾಡಿಸಿದರು. ಹಸಿ ಬಣ್ಣವೇ ಬೇರೆ, ಒಣಗಿದ ಬಣ್ಣವೇ ಬೇರೆ. ಕಡ್ಡಿಯ ತುದಿಯಲ್ಲಿ ಒಂದು ಹನಿ ಹಳದಿ. ಮತ್ತೆ ತಗಡು, ಮತ್ತೆ ಬಿಸಿಲು. ಅರ್ಧ ಹನಿ ಕಪ್ಪು. ಏಳನೆಯ ಚೂರನ್ನು ಏರ್ ಕ್ಲೀನರಿನ ಆ ನಡುಚುಕ್ಕಿಯ ಪಕ್ಕ ಇಟ್ಟಾಗ ಅಂಚು ಮಾಯವಾಯಿತು. ಎರಡು ಲೋಹ, ಒಂದು ಬಣ್ಣ. ನನ್ನ ಉಸಿರು ನಿಂತಿದ್ದು ಆಗಲೇ ಗೊತ್ತಾದದ್ದು.

ಒಂದೊಂದು ಭಾಗಕ್ಕೂ ಒಂದೊಂದು ಧರ್ಮ. ಅಲ್ಯೂಮಿನಿಯಂ ಉಜ್ಜಿದ ಮರುಗಳಿಗೆಯೇ ಗಾಳಿ ಕುಡಿದು ಆಕ್ಸೈಡಿನ ಪೊರೆ ಕಟ್ಟಿಕೊಳ್ಳುತ್ತದೆ. ಅದರ ಮೇಲೆ ಸಾಮಾನ್ಯ ಅಸ್ತರ್ ನಿಲ್ಲದೆ ಸಿಪ್ಪೆಯಂತೆ ಏಳುತ್ತದೆ. ಲೋಹವನ್ನು ಸ್ವಲ್ಪ ಕಚ್ಚಿ ಹಿಡಿಯುವ ಆಮ್ಲದ ಅಸ್ತರ್ ಬೇಕು. ಸಣ್ಣ ಕೊಂಡಿ, ಪಟ್ಟಿಗಳಿಗೆ ಬಣ್ಣವೇ ಇಲ್ಲ, ಅವು ಪಕ್ಕದ ಗಲ್ಲಿಗೆ ಹೋಗಿ ಜಿಂಕ್ ಪ್ಲೇಟಿಂಗ್ ತೊಟ್ಟಿಯಲ್ಲಿ ಮುಳುಗಿ ತೆಳುಚಿನ್ನದ ಮಿರುಗು ಹೊತ್ತು ಬಂದವು. ಬ್ಯಾಟರಿ ತಟ್ಟೆಗೆ ಹೊಸ ತಗಡು ಬೆಸೆದು ಪೌಡರ್ ಕೋಟಿಂಗ್: ಒಣ ಪುಡಿಯನ್ನು ವಿದ್ಯುತ್ತಿನ ಸೆಳೆತದಿಂದ ಅಂಟಿಸಿ, ಸುಮಾರು 180ರಿಂದ 200 ಡಿಗ್ರಿ ಒಲೆಯಲ್ಲಿ ಕರಗಿಸುವುದು. ಎಲ್ಲದಕ್ಕೂ ಅದನ್ನೇ ಮಾಡಿಸಬಹುದಲ್ಲ, ಗಟ್ಟಿ ಇರುತ್ತದೆ ಎಂದೆ. ಉಸ್ತಾದರು ಒಪ್ಪಲಿಲ್ಲ. ದಪ್ಪಗೆ, ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ, 1973ರ ಕಾರಿಗೆ ಆ ಚರ್ಮ ಒಪ್ಪದು ಎಂದರು. ಅವರು ಹೇಳಿದ್ದೇ ಸರಿ ಎಂದು ಬ್ಯಾಟರಿ ತಟ್ಟೆ ಬಂದ ಮೇಲೆ ನನಗೂ ಕಂಡಿತು. ರೇಡಿಯೇಟರಿಗೆ ಕಪ್ಪು, ಆದರೆ ಉಸಿರಿನಷ್ಟು ತೆಳ್ಳಗೆ. ಅಲ್ಲಿ ಬಣ್ಣ ದಪ್ಪವಾದರೆ ಶಾಖಕ್ಕೆ ಕಂಬಳಿ ಹೊದಿಸಿದ ಹಾಗೆ.

ಎಲ್ಲಿ ಬಣ್ಣ ಹಚ್ಚಬಾರದು ಎಂಬುದೇ ದೊಡ್ಡ ವಿದ್ಯೆ. ಎಂಜಿನ್ ನಂಬರು, ಚಾಸಿ ನಂಬರು ಕೊರೆದ ಜಾಗಕ್ಕೆ ಗ್ರೀಸ್ ಸವರಿ ಟೇಪು ಹಚ್ಚಿದರು. ಆ ಅಂಕಿಗಳು ಮುಚ್ಚಿದರೆ ಕಾರಿಗೆ ಹೆಸರೇ ಇಲ್ಲ. ಬ್ಯಾಟರಿಯ ಅರ್ಥ್ ತಂತಿ ಬಾಡಿಗೆ ತಾಗುವ ಕಡೆ ನಾಣ್ಯದಗಲ ಬೋಳು ಲೋಹ ಬಿಟ್ಟರು. ಅಲ್ಲಿ ಬಣ್ಣ ಬಿದ್ದರೆ ವಿದ್ಯುತ್ತಿಗೆ ದಾರಿ ಕಟ್ಟಿ, ದೀಪ ಮಿಣುಕಿ, ಸ್ಟಾರ್ಟರ್ ಮುಲುಗುತ್ತದೆ.

ಮರುದಿನ ಬೆಳಿಗ್ಗೆ ಏಳಕ್ಕೇ ಫೋನು. "ರಾವ್ ಸಾಬ್, ಸ್ವಲ್ಪ ಬನ್ನಿ." ದನಿಯಲ್ಲಿ ಏನೋ ಇತ್ತು. ಕಾಫಿ ಅರ್ಧಕ್ಕೇ ಬಿಟ್ಟು ಓಡಿದೆವು.

ರೇಡಿಯೇಟರಿನ ಎಡಪಕ್ಕಕ್ಕೆ, ಕೆಸರು ಎರಚದಂತೆ ಬೋಲ್ಟು ಹಾಕಿದ್ದ ಒಂದು ಅಡ್ಡತಗಡು. ಮೊಣಕೈಯುದ್ದ ಇರಬಹುದು. ಅದರ ಬೆನ್ನಿಗೆ ಬೆರಳು ದಪ್ಪದ ಜಿಡ್ಡು ಕಟ್ಟಿತ್ತು. ಕೆಲಸದ ಹುಡುಗ ಜಿಡ್ಡು ಕೆರೆದು, ರೇಗ್‌ಮಾಲ್ ಹಿಡಿಯುವ ಹೊತ್ತಿಗೆ ಉಸ್ತಾದರು ಕೈ ಹಿಡಿದು ನಿಲ್ಲಿಸಿದ್ದರು. ತಗಡನ್ನು ಬೆಳಕಿಗೆ ತಿರುಗಿಸಿ ನಮ್ಮ ಮುಂದೆ ಇಟ್ಟರು.

ಬೂದಿ ಬಣ್ಣದ ಮೇಲೆ, ರೆಡ್ ಆಕ್ಸೈಡಿನಲ್ಲಿ, ಚಪ್ಪಟೆ ಬ್ರಷ್ಷಿನ ಎರಡು ಸಾಲು. ದುಂಡನೆಯ ಕನ್ನಡ.

ರಾಯರ ಫಿಯಟ್.
ಎಡಗಡೆ.

ಚಿಕ್ಕಪ್ಪ ತಗಡನ್ನು ಮುಟ್ಟಲಿಲ್ಲ, ಪಕ್ಕದ ಸ್ಟೂಲಿನ ಮೇಲೆ ಕೂತರು. 1981ರಲ್ಲಿ ಕಲಾಸಿಪಾಳ್ಯದ ಒಂದು ಷೆಡ್ಡಿನಲ್ಲಿ ಕಾರು ಒಂದು ತಿಂಗಳು ನಿಂತಿತ್ತಂತೆ. ಆಗ ಅವರು ಕಾಲೇಜು ಹುಡುಗ. ಪ್ರತಿ ಸಂಜೆ ಅಜ್ಜನ ಜೊತೆ ಹೋಗಿ ಕೆಲಸ ಎಲ್ಲಿಗೆ ಬಂತು ಎಂದು ನೋಡಿ ಬರುವುದು. ಪೇಂಟರಿನ ಮುಖ ನೆನಪಿಲ್ಲ, ಬೀಡಿಯ ವಾಸನೆ ನೆನಪಿದೆ ಎಂದರು.

"ಇದನ್ನು ಓದಲು ನನಗೆ ಬರುವುದಿಲ್ಲ," ಅಂದರು ಉಸ್ತಾದರು. "ಆದರೆ ಬರೆದವನು ಪೇಂಟರ್. ಅಸ್ತರ್ ಹೊಡೆದು ಉಳಿದ ಬ್ರಷ್ಷಿನಲ್ಲೇ ಬರೆದಿದ್ದಾನೆ. ಕೂರಿಸಿದ ಮೇಲೆ ಯಾರಿಗೂ ಕಾಣದ ಕಡೆ ಬರೆದಿದ್ದಾನೆ. ಇನ್ನೊಬ್ಬರ ಗಾಡಿಗೆ ಹೋಗಬಾರದು ಅಂತ."

ಹಾಗೆಂದವರು ಗೋಡೆಗೆ ಒರಗಿಸಿದ್ದ ಇನ್ನೊಂದು ತಗಡನ್ನು ತಿರುಗಿಸಿದರು. ಅದೂ ನಮ್ಮ ಕಾರಿನದ್ದೇ, ತೊಳೆದು ಅಸ್ತರಿಗೆ ಕಾದಿದ್ದುದು. ಅದರ ಬೆನ್ನ ಮೇಲೆ ಅವರ ಕೈಯ ಸೀಮೆಸುಣ್ಣದ ಹಿಂದಿ ಅಕ್ಷರಗಳಿದ್ದವು: ರಾವ್ ಸಾಬ್, ಫಿಯಟ್, ಬಾಯಾಂ. ಬಾಯಾಂ ಅಂದರೆ ಎಡ.

ನಾನು ಒಂದು ತಗಡನ್ನು ನೋಡಿದೆ, ಇನ್ನೊಂದನ್ನು ನೋಡಿದೆ. ನಡುವೆ ನಲವತ್ತು ವರ್ಷ, ಎರಡು ಸಾವಿರ ಕಿಲೋಮೀಟರು, ಐದು ನದಿ. ಒಬ್ಬರನ್ನೊಬ್ಬರು ಕಂಡರಿಯದ ಇಬ್ಬರು ಒಂದೇ ಮಾತು ಬರೆದಿದ್ದರು, ಒಂದೇ ಕ್ರಮದಲ್ಲಿ: ಯಾರದ್ದು, ಯಾವುದು, ಯಾವ ಕಡೆ. ಕಂಪ್ರೆಸರ್ ಆಗಲೇ ಗುಡುಗುತ್ತಿತ್ತು. ಅದನ್ನು ಯಾರೋ ಆರಿಸಿದರು. ಗಲ್ಲಿಯಲ್ಲಿ ಸುತ್ತಿಗೆಯ ಸದ್ದು ಮಾತ್ರ ಉಳಿಯಿತು.

ಅವರೇ ಟೇಪು ತಂದು, ಅಕ್ಷರಗಳ ಸುತ್ತ ಚೌಕಟ್ಟು ಕಟ್ಟಿ ಕಾಗದ ಮುಚ್ಚಿದರು. ಸುತ್ತಲೂ ಹೊಸ ಬೂದಿ ಬಣ್ಣ ಬರುತ್ತದೆ, ನಡುವೆ ಅದು ಇದ್ದ ಹಾಗೆ. ಮೇಲೆ ಬಣ್ಣವಿಲ್ಲದ ವಾರ್ನಿಷ್ ಒಂದು ಕೈ.

ಸ್ಪ್ರೇ ಮಾಡಲು ಮಾರ್ಚ್ ಮೊದಲ ವಾರದ ಮುಂಜಾನೆಯೊಂದನ್ನು ಆರಿಸಿದ್ದರು. ಡಿಸೆಂಬರಿನ ಮಂಜಿನಲ್ಲಿ ಡ್ಯೂಕೊ ಹೊಡೆದರೆ ಥಿನ್ನರ್ ಆರುವ ತಂಪಿಗೆ ಗಾಳಿಯ ತೇವ ಬಣ್ಣದ ಮೇಲೆ ಕೂತು ಹಾಲಿನಂತೆ ಬಿಳುಚಿಕೊಳ್ಳುತ್ತದೆ. ಮೇ ತಿಂಗಳ ಲೂ ಗಾಳಿಯಲ್ಲಿ ಹನಿ ತಗಡು ಮುಟ್ಟುವ ಮುಂಚೆಯೇ ಒಣಗಿ ಮರಳಾಗುತ್ತದೆ. ನಡುವಿನ ಈ ಕೆಲವು ವಾರಗಳೇ ಪೇಂಟರುಗಳ ವಸಂತ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದರು. ಉಸ್ತಾದರು ಮುಖಕ್ಕೆ ಫಿಲ್ಟರಿನ ಮುಖವಾಡ ಕಟ್ಟಿದರು. ಹುಡುಗ ಕರವಸ್ತ್ರ ಕಟ್ಟಿಕೊಂಡ. ಚಿಕ್ಕಪ್ಪ ಕೆಲಸ ನಿಲ್ಲಿಸಿ, ಅವನಿಗೂ ಅಂಥದೇ ಮುಖವಾಡ ಬರುವವರೆಗೆ ಗನ್ನು ಮುಟ್ಟಕೂಡದೆಂದರು. ಈಗಿನ ಎರಡು ಡಬ್ಬಿ ಬಣ್ಣಗಳ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ, ಉಸಿರಿಗೆ ಹೊಕ್ಕರೆ ಬದುಕಿಡೀ ಕಾಡುವ ಆಸ್ತಮಾ ಕೊಡಬಲ್ಲದು. ಕಾರು ಐವತ್ತು ವರ್ಷ ಬಾಳಲಿ ಎಂದು ಹುಡುಗನ ಪುಪ್ಪುಸ ಸುಡುವುದು ಯಾವ ಪರಂಪರೆ? ಮುಖವಾಡ ಬರಲು ಒಂದು ಗಂಟೆ ಹಿಡಿಯಿತು. ಯಾರೂ ಗೊಣಗಲಿಲ್ಲ.

ಮೊದಲ ಕೈ ಬರೀ ಇಬ್ಬನಿ. ತಗಡು ಕಾಣುತ್ತಲೇ ಇರುತ್ತದೆ. ಹದಿನೈದು ನಿಮಿಷ ಬಿಟ್ಟು ಎರಡನೆಯದು, ತುಂಬು ಕೈ. ಉಸ್ತಾದರ ಮಣಿಕಟ್ಟು ತಿರುಗಲಿಲ್ಲ, ಇಡೀ ತೋಳೇ ತೊಟ್ಟಿಲಂತೆ ಆ ಕಡೆಯಿಂದ ಈ ಕಡೆಗೆ ತೂಗಿತು. ಪ್ರತಿ ಎಳೆತವೂ ತಗಡಿನ ಅಂಚಿನಾಚೆ ಶುರುವಾಗಿ ಅಂಚಿನಾಚೆ ಮುಗಿಯುತ್ತಿತ್ತು. ಒದ್ದೆ ಬಣ್ಣ ಒಂದು ಕ್ಷಣ ಸುಕ್ಕುಸುಕ್ಕಾಗಿ ಕಂಡು, ಆಮೇಲೆ ತಾನೇ ತಾನಾಗಿ ಹರಡಿ ಕೊಳದ ನೀರಿನಂತೆ ಸಮವಾಯಿತು. ಅದರಲ್ಲಿ ಷೆಡ್ಡಿನ ಹೆಂಚು, ಬಾಗಿಲ ಬೆಳಕು, ನಮ್ಮ ಮೂವರ ತಲೆ ಮೂಡಿದವು. 1973ರ ಕುರ್ಲಾದ ಬೆಳಗೊಂದು ಹೀಗೇ ಇದ್ದಿರಬೇಕು.

ಜೋಡಿಸಲು ಮತ್ತೆ ಒಂದು ವಾರ. ಇಡ್ಲಿ ತಟ್ಟೆಯ ಕುಳಿಗಳು ಒಂದೊಂದಾಗಿ ಬರಿದಾದವು. ನಾನು ತಂದ ರಬ್ಬರ್ ಬಳೆಗಳು ತಗಡಿನ ಗೋಡೆಯ ತೂತುಗಳಲ್ಲಿ ಕೂತವು, ಅವುಗಳ ನಡುವೆ ವೈರು ಹಾದವು. ಬೆಟ್ಟ ಬೆಟ್ಟದ ಬಣ್ಣ, ಬಯಲು ಬಯಲಿನ ಬಣ್ಣ ಪಡೆದಿತ್ತು. ಕಪ್ಪು ರೇಡಿಯೇಟರ್, ಬೂದಿ ಏರ್ ಕ್ಲೀನರ್, ಹಳದಿ ಮಿರುಗಿನ ಕೊಂಡಿಗಳು, ಬೆಳ್ಳಿಯಂಥ ಎಗ್ಸಾಸ್ಟ್ ಮ್ಯಾನಿಫೋಲ್ಡ್.

ಆ ಮ್ಯಾನಿಫೋಲ್ಡಿನದ್ದೇ ಕೊನೆಯ ಅಚ್ಚರಿ. ಅದಕ್ಕೆ ಹಚ್ಚುವುದು ಸಿಲಿಕೋನ್ ರಾಳದಲ್ಲಿ ಅಲ್ಯೂಮಿನಿಯಂ ಪುಡಿ ಕಲಸಿದ ಬಣ್ಣ, 600 ಡಿಗ್ರಿಯವರೆಗೂ ತಾಳುವಂಥದ್ದು. ಆದರೆ ಅದು ಬಿಸಿಲಲ್ಲಿ ಪೂರ್ತಿ ಗಟ್ಟಿಯಾಗುವುದಿಲ್ಲ, ಬೆಂಕಿಯಲ್ಲೇ ಬೇಯಬೇಕು. ಎಂಜಿನ್ ತನ್ನ ಬಣ್ಣವನ್ನು ತಾನೇ ಬೇಯಿಸಿಕೊಳ್ಳುತ್ತದೆ. ಚಿಕ್ಕಪ್ಪ ಕೀಲಿ ತಿರುಗಿಸಿದರು. ಎರಡು ಸಲ ಮುಲುಗಿ ಮೂರನೆಯದಕ್ಕೆ ಹತ್ತಿಕೊಂಡಿತು. ಮಿಷನ್ ಹೊಲಿಗೆಯ ಸದ್ದಿನಂಥ ಆ ಫಿಯಟ್ ಸದ್ದು. ನಿಮಿಷದೊಳಗೆ ಮ್ಯಾನಿಫೋಲ್ಡಿನಿಂದ ಬಿಳಿ ಹೊಗೆ ಎದ್ದಿತು. ಪಾರ್ಕಿನಲ್ಲಿ ಕೂತವರು ಬೆಂಕಿಯೆಂದು ಓಡಿಬಂದರು. ಉಸ್ತಾದರು ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ಗಡಿಯಾರ ನೋಡಿದರು. ಹತ್ತು ನಿಮಿಷ ಓಡಿಸಿ, ಆರಿಸಿ, ತಣಿಸುವುದು. ಮತ್ತೆ ಓಡಿಸುವುದು. ಎರಡನೆಯ ಸಲ ಹೊಗೆ ತೆಳುವಾಯಿತು, ಮೂರನೆಯ ಸಲಕ್ಕೆ ನಿಂತೇಹೋಯಿತು.

ಬಂದವರು ಹೋಗಲಿಲ್ಲ. ಚಿಕ್ಕಪ್ಪ ಬಾನೆಟ್ ಮುಚ್ಚಲಿಲ್ಲ. ಯಾರೂ ನೋಡದ ಜಾಗವನ್ನು ಅಂದು ಸಂಜೆ ಇಡೀ ಬ್ಲಾಕು ನೋಡಿತು. ವಾಕಿಂಗಿಗೆ ಬಂದ ಮುದುಕರು ತಮ್ಮ ತಮ್ಮ ಫಿಯಟ್ಟಿನ ಕಥೆ ತೆಗೆದರು. ಚಿಕ್ಕಮ್ಮ ಲೋಟ ಎಣಿಸುವುದನ್ನು ಬಿಟ್ಟು ಡಬರಿಯಲ್ಲೇ ಕಾಫಿ ತಂದರು. ಪಕ್ಕದ ಮನೆಯ ಏಳೆಂಟು ವರ್ಷದ ಹುಡುಗಿ ಬಂಪರಿನ ಮೇಲೆ ಗದ್ದ ಊರಿ ನಿಂತವಳು, ಅಂಕಲ್ ಹೇಳುತ್ತಿದ್ದ ಆ ಬರಹ ಎಲ್ಲಿ ಎಂದು ಕೇಳಿದಳು.

ತಗಡು ಕೂತಾಗಿತ್ತು, ಅಕ್ಷರಗಳು ಆಚೆ ಮುಖವಾಗಿದ್ದವು. ಉಸ್ತಾದರು ಕೋಲಿನ ತುದಿಗೆ ಕಟ್ಟಿದ ಪುಟ್ಟ ದುಂಡು ಕನ್ನಡಿಯನ್ನು ತಗಡಿನ ಹಿಂದೆ ಇಳಿಸಿ, ಇನ್ನೊಂದು ಕೈಯಲ್ಲಿ ಟಾರ್ಚ್ ಹಿಡಿದರು. ಕನ್ನಡಿಯೊಳಗೆ ಕೆಂಪಕ್ಷರಗಳು ಮಗುಚಿಕೊಂಡು ಹೊಳೆದವು. ಅವುಗಳ ಕೆಳಗೆ ಇನ್ನೊಂದು ಸಾಲಿತ್ತು, ನಾವ್ಯಾರೂ ನೋಡದಾಗ ಬರೆದದ್ದು, ಅದೇ ರೆಡ್ ಆಕ್ಸೈಡಿನಲ್ಲಿ, ಹಿಂದಿಯಲ್ಲಿ.

"ಮೇಲಿಂದು ನೀವು ಓದಿ," ಅಂದಳು ಹುಡುಗಿ ಚಿಕ್ಕಪ್ಪನಿಗೆ. "ಕೆಳಗಿಂದು ನಾನು ಓದ್ತೀನಿ."

ಮಗುಚಿದ ಅಕ್ಷರವಾದ್ದರಿಂದ ಇಬ್ಬರಿಗೂ ಹೊತ್ತು ಹಿಡಿಯಿತು. ಉಸ್ತಾದರು ಟಾರ್ಚನ್ನು ಅಲುಗಾಡಿಸದೆ ಹಿಡಿದೇ ನಿಂತಿದ್ದರು.